ತಳಮಳಕ್ಕೊಂದು ಗಿಡ, ಮಂಕಿಗೊಂದು ಗಿಡ: ಬೆಂಗಳೂರಿನ ಮನೆಯಲ್ಲಿ ಗಿಡಮದ್ದು ಬಳಸುವ ಬಗೆ

ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವವರ ಹತ್ತಿರ "ಬ್ರಾಹ್ಮಿ ಇದೆಯಾ ಅಮ್ಮಾ?" ಎಂದು ಕೇಳಿದರೆ ಗುಂಡಗಿನ ಎಲೆಯ ಒಂದೆಲಗದ ಕಟ್ಟು ಎತ್ತಿ ಕೊಡುತ್ತಾರೆ. ಬಳೇಪೇಟೆಯ ಗ್ರಂಧಿಗೆ ಅಂಗಡಿಗೆ ಹೋಗಿ ಅದೇ ಹೆಸರು ಹೇಳಿದರೆ ಒಣಗಿದ, ಸಣ್ಣ ಎಲೆಯ, ನಾಲಿಗೆಗೆ ಸೋಕಿದರೆ ಕಹಿ ಹತ್ತುವ ಬೇರೆಯದೇ ಗಿಡ ಸಿಗಬಹುದು. ಮೆಡಿಕಲ್ ಶಾಪಿನ ಬ್ರಾಹ್ಮಿ ಮಾತ್ರೆಯಲ್ಲಿ ಇವೆರಡರಲ್ಲಿ ಯಾವುದಿದೆ ಎಂದು ತಿಳಿಯಲು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಬೇಕು. ಮೂರು ಕಡೆಯೂ ಯಾರೂ ಸುಳ್ಳು ಹೇಳಿಲ್ಲ. ಹೆಸರು ಒಂದು, ಗಿಡ ಎರಡು, ಅಷ್ಟೇ.

ಈ ವಿಷಯಕ್ಕೆ ನಾನು ಇಷ್ಟು ತಲೆಕೊಟ್ಟಿದ್ದಕ್ಕೆ ಕಾರಣ ನನ್ನದೇ ಮೈಮೇಲೆ ಆದ ಅನುಭವ. ಅಮ್ಮನ ಆಸ್ಪತ್ರೆ ಓಡಾಟ ನಡೆದಿದ್ದ ವರ್ಷ ನನಗೆ ರಾತ್ರಿ ಎದೆ ಢವಢವ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಗೆಳತಿಯೊಬ್ಬಳು ಹೇಳಿದಳೆಂದು ಅಶ್ವಗಂಧದ ಕ್ಯಾಪ್ಸೂಲ್ ಶುರು ಮಾಡಿದೆ. ಮೊದಲ ಎರಡು ವಾರ ನಿದ್ದೆ ಚೆನ್ನಾಗಿ ಬಂತು. ಎರಡು ತಿಂಗಳಾಗುವಷ್ಟರಲ್ಲಿ ಎದೆಬಡಿತ ಮೊದಲಿಗಿಂತ ಜಾಸ್ತಿಯಾಯಿತು, ಕೈ ನಡುಗತೊಡಗಿತು. ನಾನು ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವಳು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಎಂದು ಅಂಗಡಿಯಲ್ಲಾಗಲೀ ಡಬ್ಬಿಯ ಮೇಲಾಗಲೀ ನನಗೆ ತಿಳಿಸುವವರಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕೆಳಗಿಳಿದಿತ್ತು. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಟಿಎಸ್‌ಎಚ್ ಇಳಿಯುತ್ತದೆ. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ನಿಧಾನಕ್ಕೆ ಸರಿಯಾಯಿತು.

ಗಿಡದ ಮೇಲಿನ ನಂಬಿಕೆ ನನಗೆ ಹೋಗಿಲ್ಲ. ಹನುಮಂತನಗರದ ನಮ್ಮ ಮನೆಯ ತಾರಸಿಯಲ್ಲಿ ಇವತ್ತಿಗೂ ನಾಲ್ಕು ಟಬ್ ಒಂದೆಲಗ ಇದೆ. ಆದರೆ ಬಳಸುವ ಕ್ರಮ ಬದಲಾಗಿದೆ. ಆ ಕ್ರಮವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕಳವಳವೋ, ಮಂಕೋ?

ನಾವು ಎಲ್ಲವನ್ನೂ "ಟೆನ್ಷನ್" ಎಂದು ಒಂದೇ ಚೀಲಕ್ಕೆ ತುಂಬುತ್ತೇವೆ. ಆ ಚೀಲವನ್ನು ಬಿಚ್ಚಿ ನೋಡದೆ ಗಿಡ ಆರಿಸಬೇಡಿ. ಎದೆ ಹೊಡೆದುಕೊಳ್ಳುವುದು, ಹೊಟ್ಟೆಯಲ್ಲಿ ಸಂಕಟ, ಒಂದೇ ವಿಚಾರ ತಲೆಯಲ್ಲಿ ಗಿರಕಿ ಹೊಡೆಯುವುದು, ಸಣ್ಣ ಸದ್ದಿಗೂ ಬೆಚ್ಚುವುದು ಕಳವಳದ ಕಡೆಯವು. ಬೆಳಗ್ಗೆ ಏಳಲು ಮನಸ್ಸಿಲ್ಲದಿರುವುದು, ಇಷ್ಟದ ಊಟವೂ ಸಪ್ಪೆ ಅನ್ನಿಸುವುದು, ಯಾರ ಜೊತೆಗೂ ಮಾತು ಬೇಡವಾಗುವುದು, ಸುಮ್ಮನೆ ಅಳು ಬರುವುದು ಮಂಕಿನ ಕಡೆಯವು. ಎಷ್ಟೋ ಜನಕ್ಕೆ ಎರಡೂ ಒಟ್ಟಿಗೇ ಇರುತ್ತವೆ. ಆದರೂ ಯಾವುದು ಮುಂದಿದೆ ಎಂದು ಒಂದು ವಾರ ಗಮನಿಸಿ ಬರೆದಿಡಿ. ಕಳವಳವನ್ನು ಇಳಿಸುವ ಗಿಡವೆಲ್ಲ ಮಂಕನ್ನು ಇಳಿಸುವುದಿಲ್ಲ. ಕೆಲವು ಮಂಕನ್ನು ಇನ್ನಷ್ಟು ದಟ್ಟ ಮಾಡುತ್ತವೆ.

ಅದೇ ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿ: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ಬಿ12 ಕೊರತೆ ಸಸ್ಯಾಹಾರಿಗಳ ಮನೆಗಳಲ್ಲಿ ತುಂಬ ಸಾಮಾನ್ಯ, ಅದು ಮಂಕು ಮರೆವು ಎರಡನ್ನೂ ತರುತ್ತದೆ. ರಕ್ತ ಕಡಿಮೆ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ. ಇವಕ್ಕೆ ಎಷ್ಟು ತಂಬುಳಿ ಉಂಡರೂ ಪ್ರಯೋಜನವಿಲ್ಲ. ಇನ್ನೊಂದು, ಫಿಲ್ಟರ್ ಕಾಫಿ. ದಿನಕ್ಕೆ ನಾಲ್ಕು ಲೋಟ ಗಟ್ಟಿ ಡಿಕಾಕ್ಷನ್ ಕುಡಿಯುವವರು ಮಧ್ಯಾಹ್ನದ ನಂತರದ ಕಾಫಿಯನ್ನು ಹತ್ತು ದಿನ ಬಿಟ್ಟು ನೋಡಿ. ಒಮ್ಮೆಗೇ ಪೂರ್ತಿ ಬಿಟ್ಟರೆ ತಲೆನೋವು ಬರುತ್ತದೆ, ದಿನ ಬಿಟ್ಟು ದಿನ ಅರ್ಧ ಲೋಟ ಇಳಿಸುತ್ತ ಬನ್ನಿ.

ಗಿಡಕ್ಕೆ ಕಾಯಲೇಬಾರದ ಸಂದರ್ಭಗಳಿವೆ. ಬದುಕು ಬೇಡ ಅನ್ನಿಸುತ್ತಿದ್ದರೆ, ದಿನಗಟ್ಟಲೆ ಊಟ ನಿದ್ದೆ ಇಲ್ಲದಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ಬಾಣಂತಿಗೆ ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಕುಡಿತ ಬಿಟ್ಟ ಮೊದಲ ವಾರ ಮೈ ನಡುಗುತ್ತಿದ್ದರೆ ಅಂದೇ ವೈದ್ಯರನ್ನು ನೋಡಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸೇ ಮುಖ್ಯ ಕೇಂದ್ರ. ಎದೆನೋವು ಎಡಗೈಗೆ ಹರಿಯುತ್ತಿದ್ದರೆ ಅದನ್ನು ಗಾಬರಿ ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಇಸಿಜಿ ಆಗಲಿ.

ಸರ್ಪಗಂಧದ ಕಥೆ ಯಾಕೆ ಗೊತ್ತಿರಬೇಕು

ನೆಮ್ಮದಿ ಕೊಡುವ ಗಿಡ ಮಂಕನ್ನೂ ತರಬಲ್ಲದು ಎಂಬುದಕ್ಕೆ ಸರ್ಪಗಂಧಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಇದರ ಬೇರನ್ನು ನಮ್ಮ ದೇಶದಲ್ಲಿ ಬಹುಕಾಲದಿಂದ ಉನ್ಮಾದಕ್ಕೆ, ನಿದ್ದೆ ಬಾರದವರಿಗೆ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆ ಎಂದು ಬರೆದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಮ್ ಜಾಲ್ ವಕೀಲ್ ಅವರ ಲೇಖನ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೇಲೆ ಜಗತ್ತೇ ಇತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಯೋಗಾಲಯದಲ್ಲಿ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

ಆಮೇಲೆ ಬಿಪಿಗೆಂದು ಅದನ್ನು ನುಂಗುತ್ತಿದ್ದವರಲ್ಲಿ ಕೆಲವರು ತೀವ್ರ ಖಿನ್ನತೆಗೆ ಜಾರಿದರು. ನರಕೋಶಗಳು ತಮ್ಮೊಳಗೆ ಕೂಡಿಟ್ಟುಕೊಳ್ಳುವ ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಲಿನ್ ದಾಸ್ತಾನನ್ನು ರಿಸರ್ಪಿನ್ ಖಾಲಿ ಮಾಡುತ್ತದೆ. ಖಿನ್ನತೆಗೂ ಈ ರಾಸಾಯನಿಕಗಳಿಗೂ ನಂಟಿದೆ ಎಂಬ ವಿಚಾರ ಬೆಳೆಯಲು ಈ ಅನುಭವವೂ ಒಂದು ಕಾರಣವಾಯಿತು. ಹಾಗಾಗಿ ಸರ್ಪಗಂಧವನ್ನು ಮನೆಯಲ್ಲಿ ಮುಟ್ಟಲೇಬೇಡಿ. "ನಿದ್ದೆಗೆ ಒಳ್ಳೆಯದು" ಎಂದು ಸಿಗುವ ಪುಡಿ ಮಾತ್ರೆಗಳ ಪಟ್ಟಿಯಲ್ಲಿ ಈ ಹೆಸರಿದ್ದರೆ ವಾಪಸ್ ಇಟ್ಟುಬಿಡಿ.

ಎರಡನೆಯ ಹೆಜ್ಜೆ: ಗಿಡವನ್ನು ಕಣ್ಣಾರೆ ಗುರುತಿಸಿ

ಒಂದೆಲಗ, ತುಳುವಿನಲ್ಲಿ ತಿಮರೆ, ಮಲೆನಾಡಿನ ಕೆಲವು ಕಡೆ ಉರಗೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ಉದ್ದ ತೊಟ್ಟಿನ ತುದಿಗೆ ಒಂದೇ ಎಲೆ, ಮೂತ್ರಪಿಂಡದ ಆಕಾರ, ಅಂಚು ಸಣ್ಣಗೆ ಕಚ್ಚುಕಚ್ಚು. ತೊಟ್ಟು ಎಲೆಯ ಅಂಚಿನ ಸೀಳಿಗೆ ಬಂದು ಸೇರುತ್ತದೆ. ಕೊಡೆಯ ಹಾಗೆ ತೊಟ್ಟು ಎಲೆಯ ನಟ್ಟನಡುವಿಗೆ ಅಂಟಿದ್ದರೆ ಅದು ನರ್ಸರಿಗಳಲ್ಲಿ ನೀರಿನ ತೊಟ್ಟಿಯ ಅಂದಕ್ಕೆ ಮಾರುವ ಬೇರೆ ಗಿಡ, ತಿನ್ನಬೇಡಿ.

ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ, ನೆಲಕ್ಕಂಟಿ ಹರಡುತ್ತದೆ. ಎಲೆ ಬೆರಳ ಉಗುರಿಗಿಂತ ಚಿಕ್ಕದು, ದಪ್ಪ, ತೊಟ್ಟಿಲ್ಲ, ಜೋಡಿ ಜೋಡಿಯಾಗಿ ಎದುರುಬದುರು ಇರುತ್ತದೆ. ಬಿಳಿ ಅಥವಾ ತೆಳು ನೀಲಿ ಹೂ. ರುಚಿ ಸಿಕ್ಕಾಪಟ್ಟೆ ಕಹಿ. ಕ್ಯಾಪ್ಸೂಲುಗಳಲ್ಲಿ "ಬ್ರಾಹ್ಮಿ" ಎಂದು ಬರುವುದು ಹೆಚ್ಚಾಗಿ ಇದೇ.

ಶಂಖಪುಷ್ಪಿಯ ಗೊಂದಲ ಇನ್ನೂ ದೊಡ್ಡದು. ಬೆಂಗಳೂರಿನ ಕಾಂಪೌಂಡುಗಳ ಮೇಲೆ ಹಬ್ಬುವ ನೀಲಿ ಹೂವಿನ ಬಳ್ಳಿಯನ್ನು ನಾವು ಶಂಖಪುಷ್ಪ ಅನ್ನುತ್ತೇವೆ. ಉತ್ತರದಲ್ಲಿ ಶಂಖಪುಷ್ಪಿ ಎಂದರೆ ನೆಲದ ಮೇಲೆ ಹರಡುವ, ತಿಳಿ ಬಣ್ಣದ ಹೂವಿನ ಬೇರೊಂದು ಗಿಡ. ಅದಕ್ಕೆ ಬದಲಾಗಿ ಪುಟ್ಟ ನೀಲಿ ಹೂವಿನ ವಿಷ್ಣುಕ್ರಾಂತಿಯೂ ಅದೇ ಹೆಸರಿನಲ್ಲಿ ಅಂಗಡಿಗೆ ಬರುತ್ತದೆ. ಇದು ಬರಿಯ ಪಂಡಿತರ ಚರ್ಚೆ ಎಂದುಕೊಳ್ಳಬೇಡಿ. ಶಂಖಪುಷ್ಪಿ ಸಿರಪ್ ಮತ್ತು ಫೆನಿಟಾಯಿನ್ ಎಂಬ ಮೂರ್ಛೆರೋಗದ ಮಾತ್ರೆ ಒಟ್ಟಿಗೆ ತೆಗೆದುಕೊಂಡವರ ರಕ್ತದಲ್ಲಿ ಆ ಮಾತ್ರೆಯ ಅಂಶ ಇಳಿದು ಮತ್ತೆ ಫಿಟ್ಸ್ ಬಂದದ್ದು ದಾಖಲಾಗಿದೆ. ಮನೆಯಲ್ಲಿ ಮೂರ್ಛೆರೋಗ ಇರುವವರಿದ್ದರೆ "ಮಕ್ಕಳ ಬುದ್ಧಿಗೆ" ಎಂದು ತಂದ ಸಿರಪ್ ಅವರ ಕೈಗೆ ಹೋಗದಂತೆ ನೋಡಿಕೊಳ್ಳಿ.

ಗುರುತು ಕಲಿಯಲು ಒಂದು ಭಾನುವಾರ ಮೀಸಲಿಡಿ. ಯಲಹಂಕದ ಆಚೆ ಜಾರಕಬಂಡೆ ಕಾವಲಿನಲ್ಲಿರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಔಷಧವನ, ಹೆಬ್ಬಾಳದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಎರಡರಲ್ಲೂ ಗಿಡಗಳಿಗೆ ಹೆಸರುಫಲಕ ಇರುತ್ತದೆ. ಹೋಗುವ ಮೊದಲು ಫೋನ್ ಮಾಡಿ ಬಾಗಿಲು ತೆರೆದಿರುವ ದಿನ ಕೇಳಿಕೊಳ್ಳಿ.

ಮೂರನೆಯ ಹೆಜ್ಜೆ: ಒಂದೆಲಗ ಬೆಳೆಸಿ

ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಒಂದೆಲಗವನ್ನು. ಅದು ಊಟದ ಸೊಪ್ಪು. ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಉಂಡು ಬಂದದ್ದು. ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿಗೆ ಬಲ ಕೊಡುವ ಮದ್ದುಗಳಲ್ಲಿ, ಮೊದಲನೆಯದು ಮಂಡೂಕಪರ್ಣಿಯ ಹಸಿ ರಸ, ಉಳಿದವು ಹಾಲಿನೊಂದಿಗೆ ಜ್ಯೇಷ್ಠಮಧು, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ, ಅಂದರೆ ಅರೆದ ಮುದ್ದೆ. ಹಸಿಯಾಗಿ ಎಂಬ ಮಾತನ್ನು ಗಮನಿಸಿ.

ಮಾರುಕಟ್ಟೆಯ ಸೊಪ್ಪಿನ ಬಗ್ಗೆ ನನಗೆ ಒಂದು ಹೆದರಿಕೆ ಇದೆ. ಒಂದೆಲಗವೂ ನೀರುಬ್ರಾಹ್ಮಿಯೂ ತೇವದ ಜಾಗದ ಗಿಡಗಳು, ನೀರಿನಲ್ಲಿರುವ ಕ್ಯಾಡ್ಮಿಯಂ, ಸೀಸದಂಥ ಲೋಹಗಳನ್ನು ಹೀರಿಕೊಳ್ಳುತ್ತವೆ. ನಮ್ಮ ಕೆರೆ, ರಾಜಕಾಲುವೆಗಳ ನೀರು ಹೇಗಿದೆ ಎಂದು ನಿಮಗೆ ಗೊತ್ತು. ಎಲ್ಲಿ ಬೆಳೆದದ್ದೆಂದು ತಿಳಿಯದ ಕಟ್ಟನ್ನು ದಿನಾ ತಿನ್ನುವ ಬದಲು ಮನೆಯಲ್ಲೇ ಬೆಳೆಸಿ, ಕಷ್ಟವೇನಿಲ್ಲ.

ಲಾಲ್‌ಬಾಗಿನ ನರ್ಸರಿಯಲ್ಲೋ ಸಿದ್ದಾಪುರದ ನರ್ಸರಿಗಳಲ್ಲೋ ಒಂದು ಸಸಿ ತನ್ನಿ. ಆಳದ ಕುಂಡ ಬೇಡ, ಅಗಲದ್ದು ಬೇಕು. ಒಂದಡಿ ಅಗಲ, ಆರು ಇಂಚು ಆಳದ ಟಬ್ಬಿಗೆ ತೂತು ಮಾಡಿ, ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ತುಂಬಿ. ಬೆಳಗಿನ ಎಳೆಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಪೂರ್ವದ ಬಾಲ್ಕನಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬಳ್ಳಿ ಹರಿದಂತೆ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಗೆಣ್ಣನ್ನು ಬೆರಳಿನಿಂದ ಮಣ್ಣಿಗೆ ಒತ್ತಿ ಕೊಡಿ. ಮಾರ್ಚ್, ಏಪ್ರಿಲ್‌ನಲ್ಲಿ ಎರಡು ಹೊತ್ತು ನೀರು ಬೇಕು. ಮಳೆಗಾಲದಲ್ಲಿ ಬಸವನಹುಳು ಮುತ್ತುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೊಂದೇ ದಾರಿ. ಎರಡು ತಿಂಗಳಿಗೆ ಟಬ್ ತುಂಬುತ್ತದೆ. ಕಿತ್ತರೆ ಬೇರು ಸಮೇತ ಬರುತ್ತದೆ, ಆದ್ದರಿಂದ ತೊಟ್ಟಿನ ಬುಡಕ್ಕೆ ಕತ್ತರಿ ಹಾಕಿ. ವಾರಕ್ಕೆ ಎರಡು ಸಲ ತಂಬುಳಿ ಮಾಡಲು ನಮ್ಮ ಇಬ್ಬರಿಗೆ ನಾಲ್ಕು ಟಬ್ ಸಾಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ತಂಬುಳಿ

ಒಬ್ಬರಿಗೆ ಇಪ್ಪತ್ತು ಇಪ್ಪತ್ತೈದು ಎಲೆ. ಉಪ್ಪು ಅರಿಶಿನದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೂರು ನೀರಿನಲ್ಲಿ ತೊಳೆಯಿರಿ. ನೆಲಕ್ಕಂಟಿ ಬೆಳೆಯುವ ಸೊಪ್ಪಾದ್ದರಿಂದ ಇದರಲ್ಲಿ ಅವಸರ ಬೇಡ. ಅರ್ಧ ಚಮಚ ಜೀರಿಗೆ, ನಾಲ್ಕೈದು ಮೆಣಸಿನ ಕಾಳನ್ನು ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿಯಿರಿ. ಎರಡು ಚಮಚ ತೆಂಗಿನತುರಿ, ಹಸಿ ಎಲೆ ಸೇರಿಸಿ ನುಣ್ಣಗೆ ರುಬ್ಬಿ, ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ. ಕುದಿಸಬೇಡಿ. ಸಾಗರದ ಕಡೆಯ ನನ್ನ ತವರಿನಲ್ಲಿ ಊಟದ ಮೊದಲ ತುತ್ತು ಬಿಸಿ ಅನ್ನಕ್ಕೆ ತಂಬುಳಿ, ಆಮೇಲೆ ಸಾರು. ಆ ಕ್ರಮವೇ ಸರಿ ಅನ್ನಿಸುತ್ತದೆ, ಹಸಿದ ಹೊಟ್ಟೆಗೆ ಕಹಿ ಒಗರು ತಿಳಿಯುವುದೇ ಇಲ್ಲ.

ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು? ಕೆನಡಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ಆರೋಗ್ಯವಂತರ ಪೈಕಿ ಕೆಲವರಿಗೆ 12 ಗ್ರಾಂ ಒಂದೆಲಗದ ಪುಡಿಯನ್ನು ಒಂದೇ ಸಲ ಕೊಟ್ಟು ನೋಡಿದರು. ದಿಢೀರ್ ಸದ್ದಿಗೆ ಬೆಚ್ಚಿಬೀಳುವುದು ಒಂದು ಗಂಟೆಯೊಳಗೆ ಕಡಿಮೆಯಾಯಿತು. ಮನಸ್ಸು ಹೇಗಿದೆ ಎಂದು ಅವರನ್ನೇ ಕೇಳಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನೋಡಿ, ಇಲ್ಲೂ ಕಳವಳ ಬೇರೆ, ಮಂಕು ಬೇರೆ. 12 ಗ್ರಾಂ ಒಣಪುಡಿ ಬಹಳ ದೊಡ್ಡ ಪ್ರಮಾಣ, ಅದನ್ನು ಮನೆಯಲ್ಲಿ ಅನುಸರಿಸಬೇಡಿ. ಒಣಪುಡಿ ಬಳಸುವವರಿಗೆ ಆಯುರ್ವೇದದ ಅಧಿಕೃತ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಲಿವರ್ ತೊಂದರೆ ಇರುವವರಿಗೆ ಪುಡಿ, ಮಾತ್ರೆಯ ರೂಪದಲ್ಲಿ ಬೇಡ.

ನೀರುಬ್ರಾಹ್ಮಿಯ ಮೇಲೆ ನಡೆದ ಅಧ್ಯಯನಗಳು ಹೆಚ್ಚಿನವು ನೆನಪಿನ ಶಕ್ತಿಯನ್ನು ಕುರಿತವು, ಅವುಗಳಲ್ಲೂ ಫಲ ಕಾಣಲು 12 ವಾರ ಬೇಕಾಗಿದೆ. ಖಾಲಿ ಹೊಟ್ಟೆಗೆ ತಿಂದರೆ ಹೊಟ್ಟೆ ನುಲಿಯುತ್ತದೆ, ಭೇದಿಯಾಗುತ್ತದೆ. ಪುಡಿಯಾದರೆ ದಿನಕ್ಕೆ 1ರಿಂದ 3 ಗ್ರಾಂ, ಊಟದ ನಂತರ, ತುಪ್ಪದ ಜೊತೆ.

ಐದನೆಯ ಹೆಜ್ಜೆ: ಅಶ್ವಗಂಧ ನಿಮಗೆ ಹೊಂದುತ್ತದೆಯೇ?

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದು. ಅದರ ಬೇರಿಗೆ ಕುದುರೆಯ ಮೈವಾಸನೆ, ಅದಕ್ಕೇ ಆ ಸಂಸ್ಕೃತ ಹೆಸರು. ಕಳವಳಕ್ಕೆ ಬಳಸುವ ನಮ್ಮ ಗಿಡಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಇದೇ. 2012ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ 64 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇರಿನ ಸಾರ 300 ಮಿಲಿಗ್ರಾಂ ದಿನಕ್ಕೆರಡು ಸಲ, ಇನ್ನೊಂದಕ್ಕೆ ಸುಳ್ಳುಮಾತ್ರೆ ಕೊಟ್ಟರು. 60 ದಿನಕ್ಕೆ ಸಾರ ತೆಗೆದುಕೊಂಡವರ ಒತ್ತಡವೂ, ಒತ್ತಡವಾದಾಗ ಏರುವ ಕಾರ್ಟಿಸಾಲ್ ಹಾರ್ಮೋನೂ ಹೆಚ್ಚು ಇಳಿದಿದ್ದವು. ಇಂಥ ಅಧ್ಯಯನಗಳು ಸಣ್ಣವು, ಎರಡು ಮೂರು ತಿಂಗಳಿನವು. ವರ್ಷಗಟ್ಟಲೆ ತೆಗೆದುಕೊಂಡರೆ ಏನು ಎಂಬುದನ್ನು ಅವು ಹೇಳುವುದಿಲ್ಲ.

ಮೊದಲು ಯಾರಿಗೆ ಬೇಡ ಎಂಬುದನ್ನು ಓದಿ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಲಿವರ್ ಕಾಯಿಲೆಯವರು, ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್‌ನಂಥ ಕಾಯಿಲೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಇದರ ತಂಟೆಗೆ ಹೋಗಬಾರದು. ಶುಗರ್, ಬಿಪಿ ಮಾತ್ರೆಯವರು ವೈದ್ಯರನ್ನು ಕೇಳದೆ ಶುರು ಮಾಡಬಾರದು, ಎರಡನ್ನೂ ಇದು ಇನ್ನಷ್ಟು ಇಳಿಸಬಲ್ಲದು. ಆರೋಗ್ಯವಾಗಿದ್ದ ಕೆಲವರಲ್ಲೂ ಲಿವರ್‌ಗೆ ಪೆಟ್ಟಾಗಿ ಕಾಮಾಲೆ ಬಂದ ವರದಿಗಳಿವೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ನಮ್ಮ ಆಯುಷ್ ಸಚಿವಾಲಯ 2021ರಲ್ಲಿ ಎಲೆಯನ್ನು ಬಳಸಬೇಡಿ ಎಂದು ತಯಾರಕರಿಗೆ ತಿಳಿಸಿತ್ತು. ಶಾಸ್ತ್ರದಲ್ಲಿ ಹೇಳಿರುವುದು ಬೇರನ್ನು, ಡಬ್ಬಿಯ ಮೇಲೆ "ಬೇರು" ಎಂದು ಸ್ಪಷ್ಟವಾಗಿ ಇರಬೇಕು.

ಇಷ್ಟೆಲ್ಲ ದಾಟಿದವರು ಹೀಗೆ ಮಾಡಿ. 3 ಗ್ರಾಂ ಬೇರಿನ ಪುಡಿ, ಅಂದರೆ ಸಣ್ಣ ಚಮಚದಲ್ಲಿ ತಲೆಸಮ ಒಂದು. ಅರ್ಧ ಲೋಟ ಹಾಲು, ಅರ್ಧ ಲೋಟ ನೀರಿಗೆ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ನೀರು ಇಂಗಿ ಹಾಲಷ್ಟೇ ಉಳಿಯುವ ತನಕ ಕಾಯಿಸಿ. ಇದನ್ನು ಕ್ಷೀರಪಾಕ ಎನ್ನುತ್ತಾರೆ. ಚೂರು ಬೆಲ್ಲ ಹಾಕಬಹುದು. ರಾತ್ರಿ ಊಟವಾಗಿ ಒಂದು ಗಂಟೆಗೆ ಕುಡಿಯಿರಿ. ಪುಡಿ ಸಾಕು, ಗಟ್ಟಿ ಸಾರದ ಮಾತ್ರೆಯ ಜೊತೆ ಪುಡಿಯನ್ನೂ ಸೇರಿಸಬೇಡಿ. ಎಂಟು ವಾರಕ್ಕೆ ನಿಲ್ಲಿಸಿ. ಈ ಮಧ್ಯೆ ಮೈ ತುರಿಕೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ಹಸಿವು ಸತ್ತುಹೋಗುವುದು ಕಂಡರೆ ಆ ದಿನವೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ.

ಆರನೆಯ ಹೆಜ್ಜೆ: ಮಂಕಿಗೆ ಕೇಸರಿ

ಮನಸ್ಸು ಕುಗ್ಗಿದ್ದಕ್ಕೆ ನಮ್ಮ ಅಡುಗೆಮನೆಯಲ್ಲಿರುವ ವಸ್ತುಗಳಲ್ಲಿ ಒಳ್ಳೆಯ ಆಧಾರ ಇರುವುದು ಕೇಸರಿಗೆ. ಸೌಮ್ಯ ಮತ್ತು ಮಧ್ಯಮ ಖಿನ್ನತೆಯವರಿಗೆ ದಿನಕ್ಕೆ 30 ಮಿಲಿಗ್ರಾಂನಂತೆ ಆರರಿಂದ ಎಂಟು ವಾರ ಕೊಟ್ಟ ಹಲವು ಅಧ್ಯಯನಗಳು ಸುಳ್ಳುಮಾತ್ರೆಗಿಂತ ಮೇಲು ಎಂದು ತೋರಿಸಿವೆ. ಹೆಚ್ಚಿನವು ಇರಾನಿನವು.

30 ಮಿಲಿಗ್ರಾಂ ಎಂದರೆ ಎಷ್ಟು? ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು ಎನ್ನುತ್ತಾರೆ. ಹೂವಿಗೆ ಮೂರು ಎಳೆ. ಹಾಗೆ ಲೆಕ್ಕ ಹಾಕಿದರೆ ಒಂದು ಎಳೆ ಎರಡು ಮಿಲಿಗ್ರಾಂಗಿಂತ ಚೂರು ಹೆಚ್ಚು. ಹದಿನಾಲ್ಕು ಎಳೆ ತೆಗೆದುಕೊಂಡರೆ ದಿನದ ಪ್ರಮಾಣವಾಯಿತು, ಒಂದು ಗ್ರಾಂ ಡಬ್ಬಿ ತಿಂಗಳಿಗೆ ಬರುತ್ತದೆ. ಏಳು ಎಳೆ ಬೆಳಗ್ಗೆ, ಏಳು ಸಂಜೆ, ಉಗುರುಬೆಚ್ಚಗಿನ ಹಾಲಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಎಳೆಯ ಸಮೇತ ಕುಡಿಯಿರಿ. ಪುಡಿಯಾದ ಕೇಸರಿ ಕೊಳ್ಳಬೇಡಿ, ಬಣ್ಣ ಕಟ್ಟಿದ ಕುಸುಬೆ ಹೂವಿನ ಎಸಳು ಅದರಲ್ಲಿ ಸುಲಭವಾಗಿ ಸೇರುತ್ತದೆ. ತಣ್ಣೀರಿಗೆ ಎರಡು ಎಳೆ ಹಾಕಿ ನೋಡಿ. ಅಸಲಿಯಾದರೆ ಹೊಂಬಣ್ಣ ನಿಧಾನಕ್ಕೆ ಬಿಡುತ್ತದೆ, ಎಳೆ ಕೆಂಪಾಗೇ ಉಳಿಯುತ್ತದೆ. ಹಾಕಿದ ಕೂಡಲೇ ನೀರು ಕೆಂಪಾಗಿ ಎಳೆ ಬೆಳ್ಳಗಾದರೆ ಅದು ಬಣ್ಣ. ಪಾಂಪೋರಿನ ಕಾಶ್ಮೀರಿ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಡಬ್ಬಿಯ ಮೇಲೆ ಆ ಗುರುತು ಹುಡುಕಿ.

ಬಸುರಿಯರಿಗೆ ಕೇಸರಿ ಹಾಲು ಕೊಟ್ಟರೆ ಮಗು ಬೆಳ್ಳಗಾಗುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ, ಮಗುವಿನ ಬಣ್ಣಕ್ಕೂ ಕೇಸರಿಗೂ ಸಂಬಂಧವಿಲ್ಲ. ಹೆಚ್ಚು ಪ್ರಮಾಣ ಗರ್ಭಕೋಶವನ್ನು ಕೆರಳಿಸಬಹುದು, ಹಾಗಾಗಿ ಔಷಧದ ಲೆಕ್ಕದಲ್ಲಿ ಅವರಿಗೆ ಬೇಡವೇ ಬೇಡ. ಬೈಪೋಲಾರ್ ಕಾಯಿಲೆ ಇರುವವರೂ ಮನೋವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ರಾತ್ರಿಯ ಗಿಡಗಳು

ಜಟಾಮಾಂಸಿ ಹಿಮಾಲಯದಲ್ಲಿ ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿ ಬೆಳೆಯುವ ಗಿಡ. ಬೇರುಸಮೇತ ಕಿತ್ತೂ ಕಿತ್ತೂ ಈಗ ಅಳಿವಿನ ಅಂಚಿಗೆ ಬಂದಿದೆ. ನಿದ್ದೆಗೆ ಅದು ಒಳ್ಳೆಯ ಗಿಡ ಎಂದು ನಂಬಿಯೂ ನಾನು ಕೊಳ್ಳುವುದನ್ನು ಬಿಟ್ಟಿದ್ದೇನೆ. ವೈದ್ಯರು ಬರೆದುಕೊಟ್ಟರೆ ಕುದಿಸಬೇಡಿ, ಅದರ ಗುಣವಿರುವ ಎಣ್ಣೆಯಂಶ ಆವಿಯಾಗಿ ಹೋಗುತ್ತದೆ. 2 ಗ್ರಾಂ ಜಜ್ಜಿ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ ಕುಡಿಯಿರಿ, ಹೀಗೆ ತಣ್ಣೀರಲ್ಲಿ ತೆಗೆದ ರಸಕ್ಕೆ ಆಯುರ್ವೇದದಲ್ಲಿ "ಹಿಮ" ಎನ್ನುತ್ತಾರೆ. ತುಳಸಿಗೂ ಇದೇ ಮಾತು, ಏಳೆಂಟು ಎಲೆಗೆ ಕುದಿನೀರು ಹೊಯ್ದು ಐದು ನಿಮಿಷ ತಟ್ಟೆ ಮುಚ್ಚಿಟ್ಟರೆ ಸಾಕು.

ಜಾಯಿಕಾಯಿಯನ್ನು ತೇಯುವ ಕಲ್ಲಿನ ಮೇಲೆ ಹಾಲು ಹಾಕಿ ನಾಲ್ಕೈದು ಸುತ್ತು ತೇಯ್ದು ಬಿಸಿಹಾಲಿಗೆ ಕಲಸಿ ಕೊಡುವುದು ನಮ್ಮ ಅಜ್ಜಿಯಂದಿರ ಪದ್ಧತಿ. ಆ ನಾಲ್ಕೈದು ಸುತ್ತನ್ನು ಮೀರಬೇಡಿ. ಚಮಚಗಟ್ಟಲೆ ಪುಡಿ ತಿಂದರೆ ವಾಂತಿ, ಎದೆಬಡಿತ, ಭ್ರಮೆ ಎಲ್ಲ ಬರುತ್ತದೆ. ಗಸಗಸೆ ಪಾಯಸ ಹಬ್ಬದ ಮಧ್ಯಾಹ್ನಕ್ಕೆ ಚೆಂದ, ದಿನನಿತ್ಯದ ಮದ್ದಾಗಿ ಬೇಡ.

ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅದರಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದಿದೆ, ಅಮೆರಿಕದಲ್ಲಿ 1968ರಿಂದ ಆಹಾರಕ್ಕೆ ಸೇರಿಸುವಂತಿಲ್ಲ. ದೊಡ್ಡವರಿಗೂ ಶಾಸ್ತ್ರ ಹೇಳಿದ ಪ್ರಮಾಣ 60ರಿಂದ 120 ಮಿಲಿಗ್ರಾಂ, ಅಂದರೆ ಚಿಟಿಕೆಗಿಂತಲೂ ಕಡಿಮೆ. ಕಳವಳಕ್ಕೆಂದು ಮನೆಯಲ್ಲಿ ಇದನ್ನು ಬಳಸುವ ಅಗತ್ಯವೇ ಇಲ್ಲ.

ಏಳನೆಯ ಹೆಜ್ಜೆ: ಕೊಳ್ಳುವಾಗ

ಡಬ್ಬಿಯ ಮೇಲೆ ಆಯುಷ್ ಪರವಾನಗಿ ಸಂಖ್ಯೆ, ಬ್ಯಾಚ್, ತಯಾರಾದ ಮತ್ತು ಮುಗಿಯುವ ದಿನಾಂಕ, ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗ, ಎಷ್ಟು ಮಿಲಿಗ್ರಾಂ ಇವೆಲ್ಲ ಇರಬೇಕು. "ಮೈಂಡ್ ಪವರ್" ಎಂದು ಹತ್ತು ಹನ್ನೆರಡು ಗಿಡ ಬೆರೆಸಿದ್ದನ್ನು ಕೊಳ್ಳಬೇಡಿ, ತೊಂದರೆಯಾದರೆ ಯಾವುದರಿಂದ ಎಂದು ತಿಳಿಯುವುದೇ ಇಲ್ಲ. ಹೆಸರಿನ ಕೊನೆಗೆ "ರಸ" ಎಂದಿರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪಾದರಸದಂಥ ಲೋಹ, ಖನಿಜಗಳ ಸಂಸ್ಕಾರ ಇರುತ್ತದೆ, ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು. ಸಾರಸ್ವತಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಕುಡಿತ ಬಿಡಲು ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಒಂದು ಚಮಚವೂ ಅಪಾಯ.

ಸಲಹೆ ಬೇಕೆಂದರೆ ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ. ಮಾನಸಿಕ ಕಾಯಿಲೆಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ನಿಮ್ಹಾನ್ಸ್‌ನ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗವೇ ಸೂಕ್ತ, ಅಲ್ಲಿ ಮನೋವೈದ್ಯರೂ ಆಯುರ್ವೇದದವರೂ ಯೋಗದವರೂ ಒಂದೇ ಕಡೆ ಸಿಗುತ್ತಾರೆ.

ಎಂಟನೆಯ ಹೆಜ್ಜೆ: ಒಂದು ಗಿಡ, ಒಂದು ನೋಟ್‌ಪುಸ್ತಕ

ಒಂದು ಸಲಕ್ಕೆ ಒಂದೇ ಗಿಡ. ಪ್ರತಿ ರಾತ್ರಿ ಮೂರು ಸಾಲು ಬರೆಯಿರಿ: ಎಷ್ಟು ಗಂಟೆ ನಿದ್ದೆ, ಕಳವಳಕ್ಕೆ ಹತ್ತಕ್ಕೆ ಎಷ್ಟು ಅಂಕ, ಮಂಕಿಗೆ ಎಷ್ಟು. ನಾಡಿಬಡಿತವನ್ನೂ ಬರೆದಿಟ್ಟರೆ ಒಳ್ಳೆಯದು. ನಾನು ಆ ವರ್ಷ ಬರೆದಿಟ್ಟಿದ್ದರೆ ಮೂರನೆಯ ವಾರದಲ್ಲೇ ನಾಡಿ ಏರುತ್ತಿರುವುದು ಕಣ್ಣಿಗೆ ಬೀಳುತ್ತಿತ್ತು.

ಕಳವಳಕ್ಕೆ, ನಿದ್ದೆಗೆ ಬರೆದುಕೊಡುವ ಅಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ಮಾತ್ರೆ ಇದ್ದರೆ ಅದರ ಜೊತೆ ಅಶ್ವಗಂಧ, ಜಟಾಮಾಂಸಿ, ನಿದ್ದೆಗೆ ಬಳಸುವ ಇನ್ನೊಂದು ಬೇರಾದ ತಗರ ಯಾವುದೂ ಬೇಡ. ತೂಕಡಿಕೆ ದುಪ್ಪಟ್ಟಾಗುತ್ತದೆ, ಬೆಳಗ್ಗೆ ಸಿಲ್ಕ್ ಬೋರ್ಡ್ ಕಡೆಗೆ ಗಾಡಿ ಓಡಿಸುವವರಿಗೆ ಇದು ಜೀವದ ಪ್ರಶ್ನೆ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ಆನ್‌ಲೈನಿನಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಹೊರದೇಶದ ಗಿಡಮದ್ದನ್ನು ಖಂಡಿತ ಸೇರಿಸಬಾರದು, ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಏರಬಹುದು. ಅದು ಗರ್ಭನಿರೋಧಕ ಮಾತ್ರೆಯ, ರಕ್ತ ತೆಳುವಾಗಿಸುವ ಮಾತ್ರೆಯ ಬಲವನ್ನೂ ಕುಂದಿಸುತ್ತದೆ. ಗಿಡ ಶುರು ಮಾಡಿದೆವೆಂದು ವೈದ್ಯರ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ನಾನು ಕಂಡ ಅತಿ ದೊಡ್ಡ ತಪ್ಪು. ಬಿಟ್ಟ ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡುಕು, ಮೊದಲಿಗಿಂತ ಹೆಚ್ಚಿನ ಕಳವಳ ಮರಳುತ್ತದೆ. ಆಪರೇಷನ್ ಇದ್ದರೆ ಎರಡು ವಾರ ಮುಂಚೆಯೇ ಎಲ್ಲ ಗಿಡಮದ್ದು ನಿಲ್ಲಿಸಿ, ಅರಿವಳಿಕೆ ಕೊಡುವವರಿಗೂ ತಿಳಿಸಿ.

ನಾಲ್ಕು ವಾರಕ್ಕೊಮ್ಮೆ ಪುಸ್ತಕ ತೆಗೆದು ಅಂಕ ಹೋಲಿಸಿ. ಎಂಟು ವಾರಕ್ಕೂ ಅಂಕ ಇಳಿಯದಿದ್ದರೆ ಇನ್ನೊಂದು ಗಿಡಕ್ಕೆ ಹಾರಬೇಡಿ, ವೈದ್ಯರ ಹತ್ತಿರ ಹೋಗಿ. ಹೋಗುವಾಗ ಪುಸ್ತಕವನ್ನೂ, ನೀವು ತಿಂದ ಪುಡಿ ಅಥವಾ ಮಾತ್ರೆಯ ಡಬ್ಬಿಯನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಅವರು ಕೇಳದಿದ್ದರೂ ಮೇಜಿನ ಮೇಲೆ ಇಡಿ.